ಅಕ್ಕನ ಹೊರೆಗೆ ತಗ್ಗಾದ ಹಂದರ

ಹಿತ್ತಲಲ್ಲಿ ಹಂದರ ಹಾಕುವಾಗ ನಾನು ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಅನಂತಪುರದ ಕಡೆ ಯಾರೋ ದ್ರಾಕ್ಷಿ ತೋಟ ಕಿತ್ತುಹಾಕಿದಾಗ ಹಳೆಯ ಕಬ್ಬಿಣದ ಕಂಬ, ತಂತಿ ತಂದೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅಳತೆಯ ಲೆಕ್ಕ ಬರುವುದಿಲ್ಲ. ಕೈ ಮೇಲೆತ್ತಿ ನಿಂತು, ಬೆರಳು ಮುಟ್ಟಿದಲ್ಲಿಗೆ ತಂತಿ ಎಳೆದೆ. ಮಲ್ಲಿಗೆ ಹಬ್ಬಿ ಚೆನ್ನಾಗಿ ನೆರಳಾಯಿತು.

ಆದರೆ ಕೊಟ್ಟಿಗೆಗೆ ದಾರಿ ಅದರ ಕೆಳಗೇ. ದನ ನೋಡಿಕೊಳ್ಳುವವಳು ಅಕ್ಕ. ತಲೆಯ ಮೇಲಿನ ಮೇವಿನ ಹೊರೆ ತಂತಿಗೆ ಸಿಗುತ್ತದೆಂದು ದಿನವೂ ಮೊಣಕಾಲು ಬಗ್ಗಿಸಿ ದಾಟುತ್ತಿದ್ದಳು. ನಾನು ನೋಡುತ್ತಿದ್ದೆ. ಕಟ್ಟಿದ್ದನ್ನು ಬಿಚ್ಚುವ ಬೇಸರಕ್ಕೆ ಸುಮ್ಮನಿದ್ದೆ.

ಈ ಚಳಿಗಾಲ ಅವಳ ಮೊಣಕಾಲು ಬಾತವು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಹಂದರ ಮ್ಯಾಲ ಏರಸ್ತೇನಿ ಅಕ್ಕಾ," ಎಂದೆ.

"ಈಗ್ಯಾಕಲೇ? ಬಂದ ಮಂದಿಯೆಲ್ಲಾ ನಿನ್ನ ಹಂದರ ಹೊಗಳಿ ಹೋಗ್ಯಾರ. ಬಗ್ಗಾಕ ನಾ ಇದ್ದೇನಲ್ಲ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಎಣ್ಣೆಯ ಬಟ್ಟಲು ಅವಳ ಕೈಯಿಂದ ತೆಗೆದುಕೊಂಡೆ.

"ತಪ್ಪು ನಂದ ಐತಿ ಅಕ್ಕಾ. ನೀ ಬಗ್ಗೂದು ದಿನಾ ನೋಡೇನಿ, ನೋಡಿನೂ ಸುಮ್ಮನಿದ್ದೆ. ನನ್ನ ಮಾಫ್ ಮಾಡು."