ಪಾಳೇಗಾರನಿಗೆ ಇಲ್ಲದ ಮಗಳು

ನಮ್ಮ ಲೈಬ್ರರಿ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಯಾವಾಗಲೂ ಮೈದಾ ಅಂಟು ಒಣಗಿರುತ್ತಿತ್ತು. ದೇವನಹಳ್ಳಿಯ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆಲ್ಲ ಅವರೇ ಅಂಟು ಕುದಿಸಿ ಬೈಂಡು ಹಾಕುತ್ತಿದ್ದರು. ಒಂದು ದಿನವೂ ಪಾಠ ಹೇಳಿದವರಲ್ಲ. ಆದರೂ ಊರಿಗೆಲ್ಲ ಮೇಷ್ಟ್ರು.

ಐತಿಹಾಸಿಕ ಕಾದಂಬರಿಯೊಂದನ್ನೇ ಕೇಳಿದರೆ ಅವರು ಕೊಡುತ್ತಿರಲಿಲ್ಲ. ಅದೇ ಕಾಲದ ಒಂದು ಜೀವನಚರಿತ್ರೆ, ಒಂದು ಇತಿಹಾಸ ಸೇರಿಸಿ ಮೂರನ್ನೂ ದಾರದಲ್ಲಿ ಕಟ್ಟಿ ಮುಂದಿಡುತ್ತಿದ್ದರು. ಕಾರ್ಡಿಗೆ ಎರಡೇ ಪುಸ್ತಕ ಎಂಬ ನಿಯಮವಿತ್ತು; ಮೂರನೆಯದನ್ನು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಿದ್ದರು. ಕಾದಂಬರಿಯಿಂದ ರುಚಿ ಹತ್ತಲಿ, ಜೀವನಚರಿತ್ರೆಯಿಂದ ಆ ಮನುಷ್ಯನ ಪರಿಚಯವಾಗಲಿ, ಇತಿಹಾಸದಿಂದ ತಲೆ ನೆಟ್ಟಗಾಗಲಿ ಎನ್ನುತ್ತಿದ್ದರು. ಜನ ಗೊಣಗುತ್ತಿದ್ದರು. ಗೊಣಗುವವರಲ್ಲಿ ನಾನೂ ಒಬ್ಬಳು.

ಆಗ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಹೊಸದಾಗಿ ಸೇರಿದ್ದೆ. ನಮ್ಮ ಕಡೆಯ ಒಬ್ಬ ಪಾಳೇಗಾರನ ಬಗ್ಗೆ ಅವರು ಕಟ್ಟಿಕೊಟ್ಟ ಮೂರರಲ್ಲಿ ಕಾದಂಬರಿಯನ್ನು ಎರಡೇ ದಿನದಲ್ಲಿ ಮುಗಿಸಿದೆ. ಉಳಿದೆರಡನ್ನು ತೆರೆಯಲೂ ಇಲ್ಲ. ಕಾದಂಬರಿಯಲ್ಲಿ ಪಾಳೇಗಾರನ ಮಗಳು ಕತ್ತಿ ಹಿಡಿದು ಬುರುಜು ಕಾಯುತ್ತಾಳೆ. ಓದಿ ಅತ್ತುಬಿಟ್ಟಿದ್ದೆ. ಶಾಲೆಯ ಸ್ಮರಣ ಸಂಚಿಕೆಗೆ, ಅವಳನ್ನು ಕಣ್ಣಾರೆ ಕಂಡವಳ ಹಾಗೆ ಲೇಖನ ಬರೆದುಕೊಟ್ಟೆ. ಹೆಡ್‌ಮಾಸ್ಟರು ಬಹಳ ಹೊಗಳಿದರು. ಮುಂದಿನ ವರ್ಷವೂ ನನ್ನನ್ನೇ ಕರೆಯುವುದಾಗಿ ಹೇಳಿದರು.

ಪುಸ್ತಕ ಹಿಂದಿರುಗಿಸುವ ಮುನ್ನಾದಿನ, ಮೇಷ್ಟ್ರು ಏನಾದರೂ ಕೇಳಿಬಿಟ್ಟರೆ ಎಂಬ ಭಯಕ್ಕೆ ಇತಿಹಾಸದ ಪುಟ ತಿರುವಿದೆ. ಪಾಳೇಗಾರನಿಗೆ ಮಕ್ಕಳೇ ಇರಲಿಲ್ಲ. ತಮ್ಮನ ಮಗನನ್ನು ದತ್ತು ತೆಗೆದುಕೊಂಡಿದ್ದ. ಸಂಚಿಕೆ ಆಗಲೇ ಅಚ್ಚಿಗೆ ಹೋಗಿದೆಯೆಂದು ಕೇಳಿದ್ದೆ. ಇತಿಹಾಸ ಕಲಿಸುವವಳೇ ಇಲ್ಲದ ಮಗಳನ್ನು ಹುಟ್ಟಿಸಿದಳು ಎಂದು ಮಕ್ಕಳೆಲ್ಲ ನಗುತ್ತಾರೆ, ಕೆಲಸವೂ ಹೋಗುತ್ತದೆ ಎಂದುಕೊಂಡು ಲೈಬ್ರರಿಗೆ ಓಡಿದೆ.

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಮೇಜಿನ ಡ್ರಾಯರ್‌ನಿಂದ ನನ್ನ ಲೇಖನದ ಕರಡಚ್ಚನ್ನು ತೆಗೆದಿಟ್ಟರು. ತಪ್ಪು ತಿದ್ದಲು ಹೆಡ್‌ಮಾಸ್ಟರು ಇಡೀ ಸಂಚಿಕೆಯನ್ನು ಅವರಿಗೇ ಕಳಿಸಿದ್ದರಂತೆ.

“ಉಳಿದಿದ್ದೆಲ್ಲ ಪ್ರೆಸ್ಸಿಗೆ ಕೊಟ್ಬಿಟ್ಟೆ ಟೀಚರಮ್ಮ. ಇದೊಂದು ಇಟ್ಕೊಂಡಿದ್ದೆ. ನಾಳೆ ಪುಸ್ತಕ ವಾಪಸ್ ತರ್ತೀರಲ್ಲ, ಅಷ್ಟರಲ್ಲಿ ಓದ್ತೀರ ಅಂತ ಕಾಯ್ತಿದ್ದೆ.”

ಓದದೆ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

“ನಾನೇ ಹೇಳ್ತಿದ್ದೆ. ನೀವಾಗೇ ಬಂದ್ರಿ, ನಂಗೂ ನಿರಾಳ ಆಯ್ತು.”

ಬೆಂಚಿನ ಮೇಲೆ ಕೂತೆ. ಅಳು, ನಗು ಎರಡೂ ಒಟ್ಟಿಗೆ ಬಂದವು. ಮಗಳನ್ನು ಪೂರ್ತಿ ತೆಗೆದುಹಾಕಲು ಹೋದರೆ ಅವರು ಬಿಡಲಿಲ್ಲ. ಅವಳು ಕಾದಂಬರಿಕಾರನ ಕಲ್ಪನೆ ಎಂದು ಒಂದು ಸಾಲು ಸೇರಿಸಿದರೆ ಸಾಕು ಎಂದರು. ಅಲ್ಲೇ ಕೂತು ಸೇರಿಸಿದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಈ ವಿಷಯವನ್ನು ಕೊನೆಯವರೆಗೂ ಯಾರ ಹತ್ತಿರವೂ ಆಡಿರಲಿಲ್ಲ. ಈ ಜೂನ್‌ನಲ್ಲಿ ಹೊಸ ತರಗತಿಗೆ ಹೋದಾಗ ಮೊದಲ ಪಾಠವಾಗಿ ನಾನೇ ಅದನ್ನು ಹೇಳಿದೆ. ಮಕ್ಕಳು ಬೆಂಚು ಬಡಿದುಕೊಂಡು ನಕ್ಕರು. ಅಂದು ನಾನು ಅಷ್ಟು ಹೆದರಿದ್ದು ಈ ನಗುವಿಗೇ. ಕೇಳಿ ಮನಸ್ಸು ಹಗುರವಾಯಿತು.