ಪ್ರಸಂಗವಲ್ಲ, ಸಾಕ್ಷಿ

ನನ್ನ ಸೋದರತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಕುದಿಯುವ ಹಂಡೆಯಿಂದ ಹಾಸಿಗೆ ಬಟ್ಟೆಗಳನ್ನು ಕೋಲಿನಲ್ಲಿ ಎತ್ತಿ ಎತ್ತಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಭಾನುವಾರ ಅದೇ ಕೈಯಲ್ಲಿ ಬೈಬಲ್ ಹಿಡಿದು ಚರ್ಚಿನ ಮುಂದಿನ ಬೆಂಚಿನ ಪಕ್ಕ ನಿಲ್ಲುತ್ತಿದ್ದಳು. ಪೀಠದ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಮ್ಮದು ಚಿಕ್ಕ ಸಭೆ. ಪಾದ್ರಿ ಅಯ್ಯನವರು ಹಲವು ಸಭೆಗಳನ್ನು ನೋಡಿಕೊಳ್ಳಬೇಕಾಗಿದ್ದರಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಮಾತಾಡುವವಳು ಅತ್ತೆಯೇ. ಆದರೆ ಹೆಂಗಸು ಪ್ರಸಂಗ ಮಾಡುವಂತಿಲ್ಲ, ಸಾಕ್ಷಿ ಹೇಳಬಹುದು ಎಂಬುದು ಸಭೆಯ ಕಟ್ಟಳೆ. ಬೈಬಲಿನ ವಾಕ್ಯವನ್ನು ವಿವರಿಸಿದರೆ ಪ್ರಸಂಗ. ತನ್ನ ಬಾಳಿನಲ್ಲಿ ದೇವರು ಮಾಡಿದ್ದನ್ನು ಹೇಳಿದರೆ ಸಾಕ್ಷಿ. ಅತ್ತೆ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. "ನನ್ನ ಜೀವನದಲ್ಲಿ ಒಂದು ಸಲ..." ಎಂದು ಶುರುಮಾಡಿ, ಗಂಡ ಹಾಸಿಗೆ ಹಿಡಿದದ್ದನ್ನೋ ಗೋಡೆ ಕುಸಿದದ್ದನ್ನೋ ನಾಲ್ಕು ಮಾತಿನಲ್ಲಿ ಮುಗಿಸಿ, ಮೆಲ್ಲಗೆ ವಾಕ್ಯದೊಳಗೆ ಇಳಿಯುತ್ತಿದ್ದಳು.

"ನಮ್ಮಕ್ಕನಿಗೆ ಬಂದಷ್ಟು ಕಷ್ಟ ಬೈಬಲಿನ ಯೋಬನಿಗೂ ಬರ್ಲಿಲ್ಲ ಕಣೇ," ಎಂದು ಹಿಂದಿನ ಬೆಂಚಿನ ಹೆಂಗಸರು ನಗುತ್ತಿದ್ದರು.

ಒಂದು ಭಾನುವಾರ ಅತ್ತೆ ಎಡವಿದಳು. ಊರಲ್ಲಿ ಜ್ವರ ಹಬ್ಬಿ, ವಾರವಿಡೀ ಹಂಡೆಯ ಮುಂದೆ ನಿಂತು ದಣಿದಿದ್ದಳು. ಪುಸ್ತಕ ತೆರೆದವಳೇ, "ಇವತ್ತಿನ ವಾಕ್ಯದಲ್ಲಿ, ಬೆಳಕು ಹರಿಯೋ ಮುಂಚೆ ಯೇಸುವಿನ ಸಮಾಧಿಗೆ ಹೋದ ಹೆಂಗಸರು..." ಎಂದುಬಿಟ್ಟಳು.

ಸಭಾ ಹಿರಿಯರು ಎದ್ದು ನಿಂತರು. ಅವರದು ಬೀಗದ ಅಂಗಡಿ.

"ಅಕ್ಕಾ, ಇದು ಪ್ರಸಂಗ ಆಯ್ತಲ್ಲ! ನಿಮ್ಮ ಜೀವನದ್ದು ಒಂದು ಮಾತು ಸೇರಿಸ್ಕೊಂಡು ಮುಂದಕ್ಕೆ ಹೋಗಿ."

ಅತ್ತೆ ಪುಸ್ತಕ ಮುಚ್ಚಿ ಬೆಂಚಿಗೆ ಹೋಗಿ ಕುಳಿತಳು. ಹಿರಿಯರು ಗಡಿಬಿಡಿಯಲ್ಲಿ ಒಂದು ಹಾಡು ಎತ್ತಿದರು. ಶ್ರುತಿ ಎಷ್ಟು ಮೇಲಿತ್ತೆಂದರೆ ಯಾರಿಗೂ ಎಟುಕಲಿಲ್ಲ.

"ಅಂಗಡೀಲಿ ಬೀಗ ಮಾರ್ತಾರೆ, ಸಭೇಲಿ ಪುಕ್ಕಟೆ ಹಾಕ್ತಾರೆ," ಎಂದಳು ನನ್ನಮ್ಮ, ಹೊರಗೆ ಬಂದ ಮೇಲೆ. ಅತ್ತೆ ನಗಲಿಲ್ಲ.

ಅದೇ ವಾರ ಹಿರಿಯರು ಬಟ್ಟೆ ಕೋಣೆಗೇ ಬಂದರು. ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಅಮ್ಮ ಕಿವಿ ಅತ್ತಲೇ ಇಟ್ಟಿದ್ದಳು.

"ಈ ಭಾನುವಾರ ಯಾರು ಮಾತಾಡ್ಬೇಕು ಅಕ್ಕಾ? ನಾನು ನಿಂತ್ರೆ ಜನ ತೂಕಡಿಸ್ತಾರೆ."

"ಗೊರಕೇನೇ ಹೊಡೀತಾರೆ," ಎಂದಳು ಅಮ್ಮ ತಲೆ ಎತ್ತದೆ.

"ಆ ಒಂದು ಮಾತು ಸೇರಿಸಿದ್ರೆ ಸಾಕು, ಅಕ್ಕಾ."

ಅತ್ತೆ ಕೋಲು ಕೆಳಗಿಟ್ಟಳು. "ಸೇರಿಸೋಕೆ ಏನೂ ಉಳಿದಿಲ್ಲ ಹಿರಿಯರೇ. ಗಂಡ ಹೋದದ್ದು ಹೇಳಿದೆ. ಗೋಡೆ ಬಿದ್ದದ್ದು ಹೇಳಿದೆ. ಹುಟ್ಟಿದ ದಿನವೇ ಕಣ್ಣು ಮುಚ್ಚಿದ ಕೂಸೊಂದಿದೆ. ಅದು ನಂದು, ಅದನ್ನ ಕೊಡಲ್ಲ. ವಾಕ್ಯ ಹೇಳೋಕೆ ಪ್ರತಿ ಸಲ ಒಂದೊಂದು ದುಃಖ ಸುಂಕ ಕಟ್ಟಬೇಕಾ? ಅಯ್ಯನವರು ಕಟ್ತಾರಾ?"

ಹಿರಿಯರು ಹಬೆ ಕೂತ ಕನ್ನಡಕ ಒರೆಸಿಕೊಂಡರು. "ಕಟ್ಟಳೆ ನಾನು ಮಾಡಿದ್ದಲ್ಲ ಅಕ್ಕಾ," ಎಂದು ಹೊರಟರು.

ಭಾನುವಾರ ಅತ್ತೆ ಎದ್ದು ಮುಂದೆ ಹೋದಳು. ನೇರವಾಗಿ ವಾಕ್ಯ ಓದಿದಳು. ಹಿರಿಯರು ಅರ್ಧ ಎದ್ದರು. ಏನೋ ಬೀಳಿಸಿಕೊಂಡವರಂತೆ ನೆಲ ತಡವಿ ಮತ್ತೆ ಕುಳಿತರು.

"ಯೇಸು ಸಮಾಧಿಯಿಂದ ಎದ್ದಿದ್ದಾನೆ ಅಂತ ಆ ಹೆಂಗಸರು ಓಡಿ ಬಂದು ಹೇಳಿದ್ದನ್ನ ಗಂಡಸರು ಹರಟೆ ಅಂದ್ಕೊಂಡ್ರು," ಎಂದಳು ಅತ್ತೆ. "ಅಂದ್ಕೊಂಡ್ರೆ ಸುದ್ದಿ ಸುಳ್ಳಾಗುತ್ತಾ?" ತನ್ನ ಬಗ್ಗೆ ಒಂದಕ್ಷರ ಹೇಳದೆ ಕೊನೆಯವರೆಗೂ ವಿವರಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೂ ಪಿಸುಗುಟ್ಟಲಿಲ್ಲ. ಮುಂದಿನ ಭಾನುವಾರಗಳೂ ಹಾಗೆಯೇ ನಡೆದವು.

ತಿಂಗಳ ಕೊನೆಗೆ ಅಯ್ಯನವರು ಬಂದಾಗ ಬಾಗಿಲ ಬಳಿ ಕೇಳಿದರು: "ನಾನಿಲ್ಲದಾಗ ಪ್ರಸಂಗ ಯಾರು ಮಾಡಿದ್ರು?"

ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಹಿರಿಯರು ಅವಳ ಕಡೆ ನೋಡದೆ, "ಪ್ರಸಂಗ ಏನೂ ಇರ್ಲಿಲ್ಲ ಅಯ್ಯನವರೇ. ಹಾಡಿದ್ವಿ, ಪ್ರಾರ್ಥನೆ ಮಾಡಿದ್ವಿ. ಅಕ್ಕ ಸಾಕ್ಷಿ ಹೇಳಿದ್ರು," ಎಂದರು.

"ಒಳ್ಳೇದು," ಎಂದು ಅಯ್ಯನವರು ಒಳಗೆ ಹೋದರು.

ಮನೆಯ ದಾರಿಯಲ್ಲಿ ಅಮ್ಮನಿಗೆ ತಡೆಯಲಾಗಲಿಲ್ಲ. "ಬಾಯಲ್ಲಿ ಏನು ಇಟ್ಕೊಂಡಿದ್ರಿ ಅತ್ತಿಗೆ? ನಾನೇ ಮಾಡಿದ್ದು ಅಂತ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಲ್ಲಿಸ್ತಾರೆ," ಎಂದಳು ಅತ್ತೆ. "ಹೇಳ್ದೆ ಇದ್ರೆ ಮುಂದಿನ ವಾರಾನೂ ಇದೆ."

ಅತ್ತೆ ಸಾಯುವವರೆಗೂ ಆ ಸಭೆಯಲ್ಲಿ ತಿಂಗಳಿಗೊಂದೇ ಪ್ರಸಂಗ ನಡೆಯಿತು ಎಂದೇ ಅಲ್ಲಿಯವರು ಈಗಲೂ ಹೇಳುತ್ತಾರೆ.