ಬಿಸಿನೀರಿನ ವಾದದಲ್ಲಿ ಸೋತೆ

ಮಿತ್ರರೇ, ಇಂದು ಐರ್ಲೆಂಡಿನ ಕಿಲ್ಕೆನ್ನಿಯ ನಮ್ಮ ಮನೆಯಲ್ಲಿ ಸೊಸೆ ನನ್ನ ಮೇಲೆ ರೇಗಿದಳು. ನನ್ನ ಮಗ ತೀರಿಕೊಂಡಂದಿನಿಂದ ನಿನ್ನೆಯವರೆಗೂ ನಾನು ಏನೇ ಹೇಳಿದರೂ ಅವಳ ಉತ್ತರ ಒಂದೇ ಆಗಿತ್ತು: “ಆಯ್ತು ಮಾವ.”

ಕೋವಿಡ್ ವಾರ್ಡಿನ ಡ್ಯೂಟಿ ಮುಗಿಸಿ ಬಂದವಳು ಸ್ನಾನಕ್ಕೆ ಹೋದರೆ ಬಿಸಿನೀರು ನೂಲಿನಂತೆ ಬರುತ್ತಿತ್ತು. ಬಾಯ್ಲರ್ ಕೆಟ್ಟಿದೆಯೆಂದು, ಕಾಲೇಜಿನ ಚರ್ಚಾಪಟುವಾಗಿದ್ದ ನಾನು ಸಕಾರಣವಾಗಿ ಮಂಡಿಸಿದೆ.

“ಹಾಗಿದ್ರೆ ಅಡುಗೆಮನೇಲಿ ಬಿಸಿನೀರು ಹೇಗೆ ಜೋರಾಗಿ ಬರ್ತಿದೆ? ಸುಮ್ನೆ ವಾದ ಮಾಡ್ಬೇಡಿ ಮಾವ, ಪಕ್ಕಕ್ಕೆ ಬನ್ನಿ!”

ಬಾತ್‌ರೂಮಿನ ಬಿಸಿನೀರಿನ ಪೈಪಿನ ವಾಲ್ವ್ ಅರ್ಧ ಮುಚ್ಚಿತ್ತು. ಅವಳು ಅದನ್ನು ತಿರುಗಿಸಿದೊಡನೆ ನೀರು ಭೋರೆಂದು ಸುರಿಯಿತು.

“ಈಗ ಗ್ರ್ಯಾಂಡ್! ಏನಂತೀರಿ?” ಎಂದಳು, ಎಲ್ಲ ಸರಿಹೋದಾಗ ಇಲ್ಲಿನವರು ಹೇಳುವ ಹಾಗೆ.

ಸೋಲನ್ನು ಒಪ್ಪಿಕೊಂಡೆ. ಮನಸ್ಸು ಹಗುರವಾಯಿತು, ಬಹಳ ದಿನಗಳ ಮೇಲೆ ಈ ಮನೆಯಲ್ಲಿ ನನಗೊಬ್ಬಳು ಎದುರಾಳಿ ಸಿಕ್ಕಿದ್ದಾಳೆ. ನಾಳೆ ಅವಳ ಸಾರಿಗೆ ಉಪ್ಪು ಸಾಲದೆಂಬ ವಿಷಯವನ್ನು ಮಂಡಿಸಲಿದ್ದೇನೆ.